ಅಂಗಿ ತೊಟ್ಟ ಕೂಸು

ಈಗಲೂ ಯಾರಾದರೂ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಾವಿಕಟ್ಟೆಯ ಕಡೆ ನಡೆದರೆ ನನ್ನ ಕೈಯ ಕೆಲಸ ನಿಲ್ಲುತ್ತದೆ. ಅವರು ನೀರು ಸೇದಲು ಹೋಗುತ್ತಿರುತ್ತಾರೆ, ಅಷ್ಟೆ. ನಾನು ಮಾತ್ರ ಇದ್ದಲ್ಲೇ ನಿಂತು, ಅವರು ತಿರುಗಿ ಬರುವವರೆಗೆ ಕಣ್ಣು ಕೀಳದೆ ನೋಡುತ್ತೇನೆ. ಇದು ಮಳಖೇಡದ ನಮ್ಮ ಹಿತ್ತಲಿನಿಂದ ನನಗೆ ಅಂಟಿಕೊಂಡು ಬಂದದ್ದು. ಅಂದು ಅಲ್ಲಿ ನಡೆದದ್ದನ್ನು ಸರಿಯಾಗಿ ಹೇಳಬೇಕೆಂದರೆ, ಏನೂ ನಡೆಯಲಿಲ್ಲ. ಆದರೂ ಏನೂ ನಡೆಯದ ಆ ಮುಂಜಾನೆಯನ್ನು ಇಷ್ಟು ವರ್ಷ ಮತ್ತೆ ಮತ್ತೆ ನೋಡುತ್ತಲೇ ಇದ್ದೇನೆ, ಈ ಸಲ ಅದು ಬೇರೆ ರೀತಿ ಮುಗಿದೀತು ಎಂಬ ಹೆದರಿಕೆಯಲ್ಲಿ.

ನಿಜಾಮರ ರಾಜ್ಯದ ಕೊನೆಯ ವರ್ಷಗಳು. ನಾನು ಹೈದರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜು ಮುಗಿಸಿ, ಬೇಸಿಗೆಯಲ್ಲಿ ಊರಿಗೆ ಬಂದಿದ್ದೆ. ಮನೆಯಲ್ಲಿ ಅವ್ವ, ವೈನಿ, ಅವಳ ಮಗ. ವೈನಿಯ ಗಂಡ, ಅಂದರೆ ನನ್ನ ಅಣ್ಣ, ಸೇಡಂನ ತಹಸೀಲು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಗುರುವಾರ ಸಂಜೆ ಬಂದು, ಶುಕ್ರವಾರದ ಸೂಟಿ ಕಳೆದು, ಶನಿವಾರ ಬೆಳಗಿನ ಗಾಡಿಗೆ ಹೋಗುತ್ತಿದ್ದ. ಕೂಸು ಆಗ ತಾನೇ ನಡೆಯಲು ಕಲಿತಿತ್ತು. ಹೆಜ್ಜೆ ಹಾಕುವುದಕ್ಕಿಂತ ಬೀಳುವುದೇ ಹೆಚ್ಚು.

ನಾನು ಬಂದ ದಿನವೇ ಅವ್ವ ಸೊಸೆಯ ಗುಣಗಾನ ಶುರು ಮಾಡಿದಳು.

"ಮಡಿ ಅಂದ್ರ ನನ್ನ ಸೊಸೀದು ನೋಡು. ಮಠದ ಆಚಾರ್ರ ಮನ್ಯಾಗೂ ಇಂಥಾ ಮಡಿ ಇಲ್ಲ. ಮನಿ ಮಗಳು ನೀ, ಪುಸ್ತಕಾ ಓದಿ ಏನ ಕಲ್ತಿ, ಆಕಿನ್ನ ನೋಡಿ ಕಲಿ."

ನಿಜವೇ ಇತ್ತು. ಹಿತ್ತಲಲ್ಲೇ ಸಿಹಿನೀರಿನ ಬಾವಿ ಇದ್ದರೂ ವೈನಿ ಬೆಳಕು ಹರಿಯುವ ಮೊದಲೇ ಕಾಗಿಣಾ ನದಿಗೆ ಹೋಗಿ, ಮುಳುಗಿ, ಒದ್ದೆ ಸೀರೆಯಲ್ಲೇ ಕೊಡ ಹೊತ್ತು ಬರುತ್ತಿದ್ದಳು. ಹೊಳೆಯ ನೀರೇ ಮಡಿಗೆ ಶ್ರೇಷ್ಠ ಎನ್ನುತ್ತಿದ್ದಳು. ಅಡಿಗೆ, ನೈವೇದ್ಯ, ಊಟ ಮುಗಿದರೂ ಅವಳ ಮಡಿ ಮುಗಿಯುತ್ತಿರಲಿಲ್ಲ. ಮಧ್ಯಾಹ್ನ ಮತ್ತೆ ಸ್ನಾನ, ಸಂಜೆ ದೀಪಕ್ಕೆ ಮೊದಲು ಇನ್ನೊಂದು. ಕೈಗಳ ಚರ್ಮ ಬಿರಿದು ನೆತ್ತರು ಒಸರುತ್ತಿತ್ತು. ತುಟಿ ಸದಾ ಅಲುಗುತ್ತಿತ್ತು. ಜಪ ಎಂದು ನಾವೆಲ್ಲ ತಿಳಿದಿದ್ದೆವು. ಮಡಿಯಲ್ಲಿದ್ದವರನ್ನು ಯಾರೂ ಮುಟ್ಟುವಂತಿಲ್ಲವಾದ್ದರಿಂದ ಕೂಸು ದಿನವಿಡೀ ಅವ್ವನ ಹತ್ತಿರವೇ.

ಒಂದು ಮಧ್ಯಾಹ್ನ, ಫರಸಿಕಲ್ಲಿನ ನೆಲ ಕಾಲಿಡಲಾರದಷ್ಟು ಕಾದಿತ್ತು. ಅಂಥ ಸೆಕೆಯಲ್ಲೂ ಕೂಸಿನ ಮೈಮೇಲೆ ಕೊರಳವರೆಗೆ ಗುಂಡಿ ಹಾಕಿದ ಅಂಗಿ. ಬೆವರುಸಾಲೆ ಎದ್ದು ಅಳುತ್ತಿತ್ತು. ನಾನು ಅಂಗಿ ಬಿಚ್ಚಿದೆ. ಮೈಗೆ ಗಾಳಿ ತಾಗಿದ್ದೇ ತಡ, ಕೂಸು ನಗುತ್ತ ನೇರ ಅಡಿಗೆಮನೆಗೆ, ತಾಯಿಯ ಕಡೆಗೆ ಹೊರಟಿತು.

ನಾನು ತಡೆಯಲಿಲ್ಲ. ತಡೆಯುವ ಕಾರಣವೂ ಇರಲಿಲ್ಲ. ನಮ್ಮವರಲ್ಲಿ ಮೈಲಿಗೆ ಇರುವುದು ಬಟ್ಟೆಗೆ. ಬತ್ತಲೆ ಕೂಸು ಮುಟ್ಟಿದರೆ ಮಡಿ ಕೆಡುವುದಿಲ್ಲ ಎಂಬುದು ಎಲ್ಲ ಮನೆಗಳಲ್ಲೂ ಗೊತ್ತಿರುವ ಮಾತು. ಎಷ್ಟೋ ತಾಯಂದಿರು ಹಾಗೆಯೇ ಮಕ್ಕಳನ್ನು ಎತ್ತಿಕೊಂಡು ಅಡಿಗೆ ಮಾಡುತ್ತಾರೆ.

ವೈನಿ ಹಿಂದೆ ಸರಿದಳು. ಸರಿಯುತ್ತ ಗೋಡೆಗೆ ಬೆನ್ನು ತಾಗಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ಗೋಡೆಗೂ ಬೆನ್ನಿಗೂ ನಡುವೆ ಒತ್ತಿ ಹಿಡಿದಳು. ಕೂಸು ಅವಳ ಮೊಣಕಾಲು ತಬ್ಬಿಕೊಂಡಿತು.

"ಅವಗ ಅಂಗಿ ಹಾಕು," ಎಂದಳು.

"ಬತ್ತಲೆ ಕೂಸಿಗೆ ಎಲ್ಲೀ ಮೈಲಿಗಿ, ವೈನಿ?"

"ಹಾಕಂದೆ. ತೊಗೊಂಡ ಹೋಗು ಅವನ್ನ."

ನಾನು ಅವಳ ಮುಖ ನೋಡಿದೆ. ಮಡಿ ಕೆಡುವ ಚಿಂತೆ ಹೇಗಿರುತ್ತದೆಂದು ನನಗೆ ಗೊತ್ತು, ಅವ್ವನ ಮುಖದಲ್ಲಿ ದಿನವೂ ಕಂಡಿದ್ದೇನೆ. ಇದು ಅದಲ್ಲ. ಕತ್ತಲಲ್ಲಿ ಹಾವು ಮೆಟ್ಟಿದವರ ಮುಖ ಹೀಗಿರುತ್ತದೆ. ಕೂಸಿಗೆ ಸದಾ ಅಂಗಿ ಏಕೆಂದು ಅಂದು ನನಗೆ ಹೊಳೆಯಿತು. ಅಂಗಿ ಇದ್ದರೆ ಅವನು ಮೈಲಿಗೆ. ಮೈಲಿಗೆಯಾದರೆ ಅವಳು ಅವನನ್ನು ಮುಟ್ಟಬೇಕಾಗಿಲ್ಲ.

ಮರುದಿನ ಅವಳ ಹಿಂದೆಯೇ ಹೊಳೆಗೆ ಹೋದೆ. ಬೇಸಿಗೆಯ ಕಾಗಿಣಾ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಅವಳು ಮುಳುಗಿ ಎದ್ದಳು. ಆಮೇಲೆ ನೀರಿನ ಕಡೆ ಮುಖ ಮಾಡಿಯೇ ಹೇಳಿದಳು:

"ನನ್ನ ಕೈ ಮ್ಯಾಲ ನನಗ ನಂಬಿಗಿ ಉಳದಿಲ್ಲ, ತಂಗಿ."

ಹಿಂದಿನ ಶ್ರಾವಣದಲ್ಲಿ ಅರಿಷಿಣ ಕುಂಕುಮಕ್ಕೆ ಹೆಂಗಸರು ಸೇರಿದ್ದಾಗ ಎಲ್ಲಿಯೋ ಊರು ಲೂಟಿ ಮಾಡಿ ಹೆಂಗಸರ ಮೇಲೆ ಕೈ ಮಾಡಿದ ಗದ್ದಲದ ಸುದ್ದಿ ಬಂದಿತ್ತಂತೆ. ನಮ್ಮ ಊರಿಗೂ ಬಂದರೆ ಏನು ಗತಿ ಎಂದು ಒಬ್ಬಳು ಕೇಳಿದಳು. ಮುದುಕಿಯೊಬ್ಬಳು, "ಬಾವಿ ಅದ ಅಲ್ಲಾ. ಮದಲ ಕೂಸನ್ನ ಅದರಾಗ ಒಗೀಬೇಕು, ಆಮ್ಯಾಲ ನಾವು ಜಿಗೀಬೇಕು" ಎಂದಳು. ಉಳಿದವರು ಕೋಸಂಬರಿ ತಿಂದು, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋದರು. ಆ ಮಾತು ಮಾತ್ರ ವೈನಿಯ ಬಳಿ ಉಳಿಯಿತು. ಮರುದಿನ ಮಗನನ್ನು ಎತ್ತಿಕೊಂಡು ಬಾವಿಯ ಪಕ್ಕ ಹಾಯುವಾಗ, ಒಳಗಿನಿಂದ 'ಒಗಿ', ಅಂದರೆ ಎಸೆ, ಎಂದ ಹಾಗಾಯಿತು.

"ಯಾರರೆ ಅಂದ್ರೇನು?"

"ಯಾರೂ ಅಲ್ಲ. ನನ್ನ ವಿಚಾರನ. ಅದಕ್ಕ ಭಾಳ ಅಂಜಿಕಿ. ದೇವರ ಹೆಸರು ಹೇಳ್ತೀನಿ, ನಡುವ ತಪ್ಪಿದ್ರ ಮತ್ತ ಮದಲಿಂದ. ದೂಡಿದಷ್ಟು ಬರ್ತದ. ನಾ ಎಂಥಾ ತಾಯಿ, ತಂಗಿ? ರಾಕ್ಷಸಿ ಇರಬೇಕು ನಾ."

ನಾನು ಅವಳ ಬೆನ್ನು ಸವರಿದೆ, ಏನೂ ಆಗುವುದಿಲ್ಲ ಎಂದೆ. ಅವಳ ಮುಖ ಒಂದು ಗಳಿಗೆ ಹಗುರಾಯಿತು. ದಂಡೆ ಹತ್ತುವಷ್ಟರಲ್ಲಿ ಮತ್ತೆ ಕೇಳಿದಳು: "ಖರೇನ ಏನೂ ಆಗಂಗಿಲ್ಲಲ್ಲ?" ಮನೆ ಮುಟ್ಟುವವರೆಗೆ ಅದನ್ನೇ ಕೇಳುತ್ತ ಬಂದಳು. ನಾನು ಅದನ್ನೇ ಹೇಳುತ್ತ ಬಂದೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಹೋಯಿತು. ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದ್ದು. ಅಂದಿನಿಂದ ಕೂಸನ್ನು ಕಂಕುಳಿನಿಂದ ಇಳಿಸಲಿಲ್ಲ. ಅವಳ ಕೈಗಳನ್ನು ನೋಡುವುದೇ ನನ್ನ ಕೆಲಸವಾಯಿತು. ಹಿಟ್ಟು ನಾದುವ, ಹೂ ಕಟ್ಟುವ ಆ ಬಿರಿದ ಕೈಗಳು. ರೊಟ್ಟಿ ತಟ್ಟುವ ಸಪ್ಪಳ ನಿಂತರೆ ಹೋಗಿ ಇಣುಕುತ್ತಿದ್ದೆ.

ಅಣ್ಣ ಬಂದಾಗ ಹೇಳದೆ ಇರಲಾಗಲಿಲ್ಲ. ಕೇಳಿ ಅವನ ಮುಖ ಬೂದಿಯಾಯಿತು.

"ಆಕಿನ್ನ ಕೊಡ್ಲಿ ಊರಿಗೆ ಕಳಸ್ತೀನಿ. ತವರಮನ್ಯಾಗ ಇರ್ಲಿ. ಕೂಸು ಇಲ್ಲಿರ್ಲಿ."

"ಎಷ್ಟ ದಿವಸ?" ಎಂದೆ.

ಅವನು ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದ. ಅವ್ವ, ಯಾರದೋ ಕೆಟ್ಟ ಕಣ್ಣು, ನೆದರು ತಾಕಿದೆ ಎಂದಳು. ಒಳಗೆ ವೈನಿ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದು, "ಕಳಸ್ರಿ. ಅದ ಚೊಲೋ," ಎಂದಳು ಗಂಡನಿಗೆ. ಒಪ್ಪಿಕೊಂಡ ಆ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಹೀಗೆ ಹೋದವಳು ಮತ್ತೆ ಈ ಹೊಸ್ತಿಲು ದಾಟಿ ಬರುವುದಿಲ್ಲ, ಕೂಸು ಅವಳನ್ನು ತಾಯಿ ಎಂದು ಗುರುತಿಸುವುದೂ ಇಲ್ಲ ಎನಿಸಿತು.

ಹೈದರಾಬಾದಿನಲ್ಲಿ ಮಾವನ ಎದುರುಮನೆಯಲ್ಲಿ ಒಬ್ಬರು ಮುಸಲ್ಮಾನ ಡಾಕ್ಟರ್ ಬಾಯಿ ಇದ್ದರು. ಹುಚ್ಚರ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿ, ಈಗ ಶಹಾಬಾದಿನಲ್ಲಿ ದವಾಖಾನೆ ಇಟ್ಟಿದ್ದರು. ಅವರಿಗೆ ಒಮ್ಮೆ ತೋರಿಸೋಣ, ಆಮೇಲೆ ಕೊಡ್ಲಿಯ ಮಾತು ಎಂದೆ. ಅಣ್ಣ ತಲೆ ತಗ್ಗಿಸಿ ಕುಳಿತಿದ್ದು, ದೀಪಾವಳಿಯವರೆಗೆ ಕಾಯುತ್ತೇನೆ ಎಂದ. ಅಷ್ಟರಲ್ಲಿ ಅವಳು ಕೂಸನ್ನು ಎತ್ತಿಕೊಳ್ಳುವಂತಾಗದಿದ್ದರೆ ಕೊಡ್ಲಿಗೆ ಗಾಡಿ ಕಟ್ಟುವುದೇ.

ಚಿತ್ತಾಪುರ ದಾಟಿ ವಾಡಿಯಲ್ಲಿ ಗಾಡಿ ಬದಲಿಸಬೇಕು. ಡಬ್ಬಿಯಲ್ಲಿ ವೈನಿ ತನ್ನ ಎರಡೂ ಕೈ ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ಕುಳಿತಿದ್ದಳು. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಎಂಜಿನ್ನು ಹೊಗೆ ಬಿಡುತ್ತ ಬರುವಾಗ ಅವಳು ಗೋಡೆಗೆ ಅಂಟಿ ನಿಂತಳು. ಕೂಸನ್ನು ಅವುಚಿಕೊಂಡು ನಾನು ಅವಳಿಂದ ದೂರ ಹೋಗಿ ನಿಂತೆ. ನಾನು ಸರಿದದ್ದನ್ನು ಅವಳು ನೋಡಿದಳು.

ಡಾಕ್ಟರ್ ಬಾಯಿ ಆತುರ ಮಾಡಲಿಲ್ಲ. ನಿದ್ದೆ, ಊಟ, ಹೆರಿಗೆ ಎಲ್ಲ ಕೇಳಿದರು. ಕಿವಿಯಲ್ಲಿ ಯಾರಾದರೂ ಮಾತಾಡುತ್ತಾರೆಯೇ, ಬದುಕು ಬೇಡ ಎನಿಸುತ್ತದೆಯೇ ಎಂದು ಕೇಳಿದರು. ಹಿಂದೆ ಯಾರನ್ನಾದರೂ ಹೊಡೆದಿದ್ದೀಯಾ ಎಂದೂ ಕೇಳಿದರು. ಕೊನೆಗೆ ಕೇಳಿದರು:

"ಒಗೀಬೇಕು ಅಂತ ಮನಸ್ಸಿಗೆ ಆಸಿ ಆಗ್ತದೇನು ಬೇಟಿ?"

"ಇಲ್ರಿ. ಜೀವ ಹೋದಂಗ ಆಗ್ತದ."

"ಹಾಂ. ಇದು ಹುಚ್ಚಲ್ಲ. ನಮ್ಮ ಮಾತಿನ್ಯಾಗ ಇದಕ್ಕ ವಹಮ್ ಅಂತಾರ, ಬಿಡದ ಸಂಶಯ. ವಹಮ್ಮಿಗೆ ಯಾವ ಹಕೀಮನ ಹತ್ರಾನೂ ದವಾ ಇಲ್ಲ ಅಂತ ನಮ್ಮ ಅಜ್ಜಿ ಅಂತಿದ್ರು. ಖರೆ. ದವಾ ಇಲ್ಲ. ಇಲಾಜ್ ಅದ."

ಇಂಥ ಕೆಟ್ಟ ವಿಚಾರ ಎಲ್ಲರ ತಲೆಯಲ್ಲೂ ಹಾಯುತ್ತದೆ, ಶಸ್ತ್ರಕ್ರಿಯೆ ಮಾಡುವಾಗ ಚಾಕು ಹಿಡಿದ ತನಗೂ ಹಾಯುತ್ತದೆ ಎಂದರು. ಬೇರೆಯವರು ಅದನ್ನು ಹೋಗಗೊಡುತ್ತಾರೆ. ವೈನಿ ಬಾಗಿಲು ಹಾಕಿಕೊಂಡು, ಅದು ಹೋಯಿತೇ ಎಂದು ಸಂದಿಯಲ್ಲಿ ಇಣುಕುತ್ತಿದ್ದಾಳೆ. ಇಣುಕುವವರೆಗೆ ಅದು ಅಲ್ಲೇ ನಿಂತಿರುತ್ತದೆ. ಸ್ನಾನ, ಹೊಳೆ, ತಪ್ಪಿದರೆ ಮೊದಲಿನಿಂದ ಹೇಳುವ ನಾಮ, ಕೂಸಿನ ಅಂಗಿ, ಎಲ್ಲವೂ ಆ ಬಾಗಿಲಿನ ಅಗಳಿಗಳು ಎಂದರು.

"ನಾ ಬುರ್ಖಾ ಹಾಕ್ತೀನಿ, ಮಂದಿ ನೋಡಬಾರ್ದಂತ. ನೀ ಮಡಿ ಉಟ್ಟಿ, ಮಗ ಮುಟ್ಟಬಾರ್ದಂತ. ನನ್ನ ಬುರ್ಖಾ ಮನಿಗೆ ಹೋದ ಮ್ಯಾಲ ತಗೀತೀನಿ. ನಿಂದು ಯಾವಾಗ ತಗೀತಿ?"

ವೈನಿಗೆ ನಗು ಬಂತು. ಆ ಬೇಸಿಗೆಯಲ್ಲಿ ಮೊದಲ ಸಲ. ನಗುತ್ತಲೇ ಕಣ್ಣು ತುಂಬಿ, ಕೈ ಮುಗಿದಳು. "ನಾ ಒಗಿಯಂಗಿಲ್ಲ ಅಂತ ನೀವು ಒಂದ ಸಲ ಹೇಳ್ರಿ ಬಾಯಿ. ಸಾಕು ನನಗ."

"ಹೇಳಂಗಿಲ್ಲ. ಹೇಳಿದ್ರ ವಾಡಿ ಬರೋದ್ರಾಗ ಮತ್ತ ಕೇಳ್ತಿ. ಇಕಿಗೂ ಹೇಳ್ತೀನಿ," ಎಂದು ನನ್ನ ಕಡೆ ತಿರುಗಿದರು, "ಇನ್ನ ಮುಂದ ಧೈರ್ಯ ಹೇಳಬ್ಯಾಡ. ಕೇಳಿದ್ರ, ಗೊತ್ತಿಲ್ಲ ಅನ್ನು."

ಇಲಾಜು, ಅಂದರೆ ಚಿಕಿತ್ಸೆ, ಇಷ್ಟೇ. ಹೆದರಿಕೆ ಬರುವ ಕೆಲಸವನ್ನು ಸಣ್ಣದರಿಂದ ಶುರು ಮಾಡಿ ಬೇಕೆಂದೇ ಮಾಡುವುದು. ಹೆದರಿಕೆ ಬಂದಾಗ ಓಡದೆ, ಮುಳುಗದೆ, ನಾಮ ಹೇಳದೆ, ಯಾರನ್ನೂ ಕೇಳದೆ, ಅದು ತಾನೇ ಇಳಿಯುವವರೆಗೆ ಕುಳಿತಿರುವುದು. ವೈನಿ ಹೊರಗೆ ಹೋದಾಗ ನಾನು ಹಿಂದೆ ಉಳಿದೆ.

"ನನಗರೆ ಹೇಳ್ರಿ. ಆಕಿ ಏನೂ ಮಾಡಂಗಿಲ್ಲಲ್ಲ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇಷ್ಟು ಅಂಜೋರು ಮಾಡಿದ್ದನ್ನ ನಾ ನೋಡಿಲ್ಲ. ಅದು ನನ್ನ ಅನುಭವ. ಆದ್ರ ನಿನಗ ಅನುಭವ ಸಾಲಂಗಿಲ್ಲ. ನಿನಗ ಇಸ್ಟಾಂಪ್ ಕಾಗದದ ಮ್ಯಾಲ ಬರದು ಕೊಡಬೇಕು. ಆಕೀ ವಹಮ್ ನಿನಗೂ ಹತ್ತೇದ, ಬೇಟಿ."

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಬಿಂದಿಗೆ ಹಿಡಿದು ನಿಂತಿದ್ದಳು. "ಇಲಾಜು ಆಕಿ ಮಾಡ್ಲಿ. ಜಳಕ ನಾ ಮಾಡಸ್ತೀನಿ," ಎಂದು ಉಟ್ಟ ಬಟ್ಟೆಯ ಮೇಲೆಯೇ ನೀರು ಸುರಿದಳು.

ಮೊದಲ ಕೆಲಸ, ಕೂಸಿನ ಅಂಗಿ ತೆಗೆಯುವುದು. ಪಡಸಾಲೆಯ ನಡುವೆ ಕುಳಿತ ವೈನಿಯ ತೊಡೆಯ ಮೇಲೆ ನಾನು ಬತ್ತಲೆ ಕೂಸನ್ನು ಕೂರಿಸಿ ದೂರ ಸರಿಯಬೇಕು. ಸರಿದೆ. ಅವಳು ಬೆವೆತು ನೀರಾದಳು. ಕೈ ನೆಲಕ್ಕೆ ಊರಿದ್ದಳು. ನಾಮ ಹೇಳಲು ತುಟಿ ಅಲುಗಿತು, ಹಲ್ಲು ಕಚ್ಚಿ ನಿಲ್ಲಿಸಿದಳು. ಕೂಸು ಅವಳ ತಾಳಿ ಹಿಡಿದು ಜಗ್ಗುತ್ತ ಆಡಿತು. ಎಷ್ಟೋ ಹೊತ್ತಿನ ಮೇಲೆ ಅವಳ ಒಂದು ಕೈ ನೆಲ ಬಿಟ್ಟು ಎದ್ದು ಅವನ ಬೆನ್ನಿನ ಮೇಲೆ ಬಂತು. ನಾನು ಎದ್ದು ನಿಂತೆ. ಕೈ ಅಲ್ಲೇ ಇತ್ತು.

ಅವ್ವನಿಗೆ ಸಿಟ್ಟು ಬಂದದ್ದು ನಾಮದ ವಿಷಯಕ್ಕೆ. "ದೇವರ ಹೆಸರು ತೊಗೋಬ್ಯಾಡ ಅಂತಾಳೇನು ನಿಮ್ಮ ಡಾಕ್ಟರ್?"

"ಪೂಜಾಕ್ಕ ತೊಗೋತೀನಿ ಅತ್ಯಾ," ಎಂದಳು ವೈನಿ. "ಅಂಜಿಕಿಗೆ ತೊಗೊಳಂಗಿಲ್ಲ."

ಅವ್ವ ಎದ್ದು ದೇವರಮನೆಗೆ ಹೋದಳು. ಅಡಿಗೆ ಮುಗಿದ ಕೂಡಲೇ ವೈನಿ ಮಡಿ ಬಿಚ್ಚುವುದು ರೂಢಿಯಾಯಿತು. ಮೊದಲು ಉಣಿಸುವುದು, ಆಮೇಲೆ ಎರೆಯುವುದು. ಬಿಸಿನೀರಿನ ಹಂಡೆಯ ಪಕ್ಕ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಾಗ ಇನ್ನೊಂದು ಹೊಸ ವಿಚಾರ ಬಂದು, ಮೂರು ಮೆಟ್ಟಿಲು ಹತ್ತಿದವಳು ಎರಡು ಇಳಿದಳು. ನಡುವೆ ಒಮ್ಮೆ ಎಲ್ಲ ಬಿಟ್ಟು ಹೊಳೆಗೆ ಓಡಿದ್ದೂ ಉಂಟು. ಮತ್ತೆ ಶಹಾಬಾದಿಗೆ ಹೋದೆವು. ಅವಳು ನನ್ನನ್ನು ಕೇಳಿದಾಗಲೆಲ್ಲ ನಾನು "ಗೊತ್ತಿಲ್ಲ" ಎನ್ನುತ್ತಿದ್ದೆ. ಅದು ಇಲಾಜಿನ ಮಾತು ಎಂದು ಅವಳು ತಿಳಿದಿದ್ದಳು. ನನ್ನ ಪಾಲಿಗೆ ಅದು ನಿಜವಾಗಿತ್ತು.

ಬಾವಿ ಕೊನೆಗೆ ಉಳಿಯಿತು. ದೀಪಾವಳಿ ಹತ್ತಿರ ಬಂದಿತ್ತು. ಅಣ್ಣ ಸೂಟಿಗೆ ಬಂದಿದ್ದ ಶುಕ್ರವಾರ, ಮುಂಜಾನೆಯ ಎಳೆ ಬಿಸಿಲು. ಮಳೆಗಾಲದ ನೀರಿನಿಂದ ಬಾವಿ ತುಂಬಿ ಮೇಲಕ್ಕೆ ಬಂದಿತ್ತು. ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿ ಇಟ್ಟುಕೊಂಡು ಕುಳಿತುಕೊಳ್ಳಬೇಕು, ಹೆದರಿಕೆ ಇಳಿದ ಮೇಲೆ ಎದ್ದು ಬರಬೇಕು. ನಾನು ಅಡಿಗೆಮನೆಯ ಹೊಸ್ತಿಲು ದಾಟಕೂಡದು. ಡಾಕ್ಟರ್ ಬಾಯಿ ಹಾಗೆಂದು ಕಟ್ಟಾಗಿ ಹೇಳಿದ್ದರು. ಅಣ್ಣ ನೋಡಲಾರೆ ಎಂದು ಹೊರಗಿನ ಕಟ್ಟೆಗೆ ಹೋದ. ಅವ್ವ ದೇವರಮನೆಯಲ್ಲಿದ್ದಳು.

ವೈನಿ ಕೂಸನ್ನು ಎತ್ತಿಕೊಂಡು ನಡೆದಳು. ಕೂಸಿನ ಮೈಮೇಲೆ ಏನೂ ಇರಲಿಲ್ಲ, ಉಡಿದಾರ ಒಂದೇ. ಕಟ್ಟೆಯ ಮೇಲೆ ಕುಳಿತಳು. ಅವಳ ಬೆನ್ನು ನನ್ನ ಕಡೆಗಿತ್ತು. ಕೂಸು ಗಡಗಡಿಯ ಹಗ್ಗ ನೋಡಿ ಕೈ ಚಾಚಿತು. ಚಾಚಿ, ಅವಳ ತೊಡೆಯ ಮೇಲೆ ಎದ್ದು ನಿಂತಿತು. ನೀರಿನ ಬೆಳಕು ಅದರ ಹೊಟ್ಟೆಯ ಮೇಲೆ ಕುಣಿಯುತ್ತಿತ್ತು.

"ಬಂತು," ಎಂದಳು ವೈನಿ. ಯಾರಿಗೂ ಅಲ್ಲ. "ಬರ್ಲಿ."

ಆ ಮಾತು ಕೇಳಿ ನನ್ನ ಕಾಲು ತಾನೇ ಹೊಸ್ತಿಲು ದಾಟಿತು. ಓಡಬೇಕು, ಕೂಸನ್ನು ಕಸಿದುಕೊಳ್ಳಬೇಕು. ಓದಿದ್ದು, ಕೇಳಿದ್ದು, ಡಾಕ್ಟರ್ ಬಾಯಿಯ ಅನುಭವ, ಯಾವುದೂ ನನ್ನ ತಲೆಯಲ್ಲಿರಲಿಲ್ಲ. ನೀರಿಗೆ ಏನೋ ಬಿದ್ದ ಸಪ್ಪಳ ಕಿವಿಗೆ ಆಗಲೇ ಕೇಳಿಸಿತ್ತು. ಬಿದ್ದಿರಲಿಲ್ಲ, ಆದರೂ ಕೇಳಿಸಿತ್ತು.

"ಅಲ್ಲೇ ನಿಂದ್ರು, ತಂಗಿ."

ಅವಳು ತಿರುಗಿರಲಿಲ್ಲ. ನನ್ನ ಹೆಜ್ಜೆಯ ಸಪ್ಪಳ ಕೇಳಿರಬೇಕು. ಧ್ವನಿ ನಡುಗುತ್ತಿತ್ತು, ಆದರೆ ಮಾತು ನಡುಗಲಿಲ್ಲ.

ನಾನು ನಿಂತೆ. ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. ಕೂಸು ಹಗ್ಗ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ವೈನಿಯ ಭುಜಗಳು ಕಿವಿಯವರೆಗೆ ಏರಿದ್ದವು. ಅವು ಇಳಿಯುವುದನ್ನೇ ನೋಡುತ್ತ ನಿಂತೆ. ಎಷ್ಟು ಹೊತ್ತೋ ತಿಳಿಯದು. ಬಿಸಿಲು ಕಟ್ಟೆಯಿಂದ ಬಟ್ಟೆ ಒಗೆಯುವ ಕಲ್ಲಿಗೆ ಬಂದಿತ್ತು. ಕೊನೆಗೆ ಭುಜಗಳು ಇಳಿದವು. ಅವಳು ಕೂಸನ್ನು ಇಳಿಸಿ ಕಲ್ಲಿನ ಮೇಲೆ ಕೂರಿಸಿ, ಎರಡೂ ಕೈಯಿಂದ ಹಗ್ಗ ಜಗ್ಗಿ, ಒಂದು ಕೊಡ ನೀರು ಸೇದಿದಳು. ಅದು ಯಾರೂ ಹೇಳಿಕೊಟ್ಟದ್ದಲ್ಲ. ಕೊಡ ಒಂದು ಕಡೆ, ಕೂಸು ಒಂದು ಕಡೆ ಕಂಕುಳಲ್ಲಿ ಇಟ್ಟುಕೊಂಡು ಬಂದು, ನನ್ನ ಪಕ್ಕದಿಂದ ಒಳಗೆ ಹೋದಳು.

"ಸರಿ ಆ ಕಡೆ. ಬಾಗಲಾಗ ನಿಂತೀಯಲ್ಲ."

ಅಣ್ಣ ಕೊಡ್ಲಿಯ ಮಾತು ಮತ್ತೆ ಎತ್ತಲಿಲ್ಲ. ಆ ವಿಚಾರ ಆಮೇಲೂ ಆಗಾಗ ಬರುತ್ತಿತ್ತೆಂದು ವೈನಿಯೇ ಹೇಳಿದ್ದಾಳೆ, ಬೇಡದ ನೆಂಟರು ಬಂದ ಹಾಗೆ. ಬಂದರೆ ಚಹಾ ಕೊಡುವುದಿಲ್ಲ, ಅಷ್ಟೆ ಎಂದು ನಗುತ್ತಿದ್ದಳು.

ಮುಂದಿನ ವರ್ಷ ಗದ್ದಲ ಸುದ್ದಿಯಾಗಿ ಉಳಿಯಲಿಲ್ಲ, ಹತ್ತಿರದ ಊರಿಗೇ ಬಂತು. ಗಂಡಸರು ಊರ ಅಗಸೆಬಾಗಿಲ ಕಡೆ ಹೋಗಿದ್ದರು. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದರು. ಬಾಗಿಲಿಗೆ ಅಗಳಿ ಹಾಕಿದೆವು. ಆಗ ಅದೇ ಮುದುಕಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಬಾವಿ ಅದ ಅಲ್ಲಾ," ಎಂದಳು.

ನನ್ನ ಕಣ್ಣು ವೈನಿಯ ಕೈಗಳ ಮೇಲೆ ಹೋಯಿತು. ಅವಳು ಮಗನ ತಲೆ ಬಾಚುತ್ತಿದ್ದಳು. ಹಣಿಗೆ ಒಂದು ಗಳಿಗೆ ನಿಂತಿತು.

"ಆ ಮಾತು ಬಿಡ್ರಿ," ಎಂದೆ ನಾನು ಮುದುಕಿಗೆ.

"ಯಾಕ ಬಿಡಬೇಕು?" ಎಂದಳು ವೈನಿ. "ಆಡ್ಲಿ. ಎಷ್ಟ ಬೇಕಾದ್ರ ಆಡ್ರಿ ಅಜ್ಜಿ, ನನಗೇನಿಲ್ಲ. ನಾ ಅಷ್ಟರಾಗ ಬುತ್ತಿ ಕಟ್ತೀನಿ. ಗಾಡಿ ಇನ್ನೂ ಓಡ್ಲಿಕತ್ತಾವಂತ. ನಿಜಾಮರ ಗಡಿ ದಾಟಿ ಸೊಲ್ಲಾಪುರಕ್ಕ ಹೋಗೋರು ಯಾರ್ಯಾರು ಹೇಳ್ರಿ, ಅಷ್ಟು ರೊಟ್ಟಿ ಹಚ್ತೀನಿ."

ಹಣಿಗೆ ಮತ್ತೆ ಚಲಿಸಿತು. ಬೈತಲೆ ತೆಗೆದು ಮುಗಿಸಿ, ಮಗನನ್ನು ನನ್ನ ಕೈಗೆ ಕೊಡದೆ ತಾನೇ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಅವಳ ಹಿಂದೆ ಹಿಟ್ಟು ಕಲಸಲು ಹೋದರು. ಸ್ಟೇಶನ್ನಿನಲ್ಲಿ ನೂಕುನುಗ್ಗಲಿತ್ತು. ಎಂಜಿನ್ನು ಬರುವಾಗ ಅವಳು ಹಳಿಯ ಕಡೆ, ಮಗನನ್ನು ಹೊತ್ತು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಕಿಟಕಿಯ ಪಕ್ಕ ಜಾಗ ಹಿಡಿಯಬೇಕಿತ್ತು. ಗೋಡೆಗೆ ಬೆನ್ನು ಹಚ್ಚಿ ನಿಂತವಳು ನಾನು.